ಕಾಫಿಯ ‘ಎ’ ಗ್ರೇಡು, ಕುತ್ತಿಗೆಯ ‘ಎ’ ಗ್ರೇಡು

ಸಕಲೇಶಪುರ, ಆಲೂರು ಕಡೆಯ ಬೆಳೆಗಾರರಿಗೆ ‘ಎ’ ಖುಷಿಯ ಅಕ್ಷರ. ಕ್ಯೂರಿಂಗ್ ವರ್ಕ್ಸ್‌ನ ಜರಡಿಯಲ್ಲಿ ‘ಪ್ಲಾಂಟೇಶನ್ ಎ’ ಎನಿಸಿಕೊಂಡ ಅರೇಬಿಕಾಗೆ ‘ಬಿ’, ‘ಸಿ’ಗಳಿಗಿಂತ ಒಳ್ಳೆಯ ಬೆಲೆ. ಅದೇ ಅಕ್ಷರ ಮರದಿಂದ ಬಿದ್ದವನ ಆಸ್ಪತ್ರೆ ಚೀಟಿಯಲ್ಲಿ ‘ಸಿ5, ಎಐಎಸ್ ಎ’ ಎಂದು ಬಂದರೆ ಲೆಕ್ಕ ತಲೆಕೆಳಗು. ಇಲ್ಲಿ ‘ಎ’ ಎಲ್ಲಕ್ಕಿಂತ ಕೆಟ್ಟದ್ದು, ‘ಇ’ ಎಲ್ಲಕ್ಕಿಂತ ಒಳ್ಳೆಯದು. ಮೊದಲಿನ ‘ಸಿ5’ ಅಂತೂ ಗ್ರೇಡೇ ಅಲ್ಲ. ಬೆನ್ನುಹುರಿಗೆ ಕುತ್ತಿಗೆಯ ಯಾವ ಮಟ್ಟದಲ್ಲಿ ಪೆಟ್ಟಾಗಿದೆ ಎಂಬುದನ್ನು ಅದು ಹೇಳುತ್ತದೆ, ಎಷ್ಟು ಪೆಟ್ಟಾಗಿದೆ ಎಂಬುದನ್ನಲ್ಲ.

ಈ ಗುಡ್ಡಗಳಲ್ಲಿ ಕುತ್ತಿಗೆಗೆ ಪೆಟ್ಟು ಬೀಳುವ ದಾರಿಗಳು ಒಂದೆರಡಲ್ಲ. ಕಾಳುಮೆಣಸಿನ ಕೊಯ್ಲಿಗೆ ಸಿಲ್ವರ್ ಓಕ್‌ಗೆ ಏಣಿ ಒರಗಿಸಬೇಕು, ಮರಗಸಿಗೆ ಕೊಂಬೆಯಿಂದ ಕೊಂಬೆಗೆ ದಾಟಬೇಕು. ಶಿರಾಡಿ ಘಾಟಿಯ ತಿರುವುಗಳಿವೆ, ಆನೆ ಅಟ್ಟಿಸಿಕೊಂಡು ಬಂದಾಗ ಕಾಣದ ಚರಂಡಿಗಳಿವೆ. ಬಿದ್ದ ಕೂಡಲೇ ಸುತ್ತ ಸೇರಿದವರು ಒಂದು ತೀರ್ಪು ಕೊಟ್ಟುಬಿಡುತ್ತಾರೆ: “ಕೈಕಾಲು ಆಡ್ತಿದೆ, ಏನೂ ಆಗಿಲ್ಲ ಬಿಡಿ.” ಎಲ್ಲಕ್ಕಿಂತ ಅಪಾಯಕಾರಿ ತಪ್ಪು ಕಲ್ಪನೆ ಇದೇ.

ಮೂಳೆ ಮುರಿದೂ ಬೆನ್ನುಹುರಿ ಹಾಗೇ ಉಳಿದಿರಬಹುದು. ಅಂಥವನು ಎದ್ದು ನಡೆದಾನು, ಬೈಕಿನ ಹಿಂದೆ ಕೂತು ಆಸ್ಪತ್ರೆಗೂ ಬಂದಾನು. ದಾರಿಯಲ್ಲಿ ಕತ್ತು ತಿರುಗಿದಾಗ ಅಲುಗುವ ಮೂಳೆ ಹುರಿಯನ್ನು ಒತ್ತಿದರೆ ಅಲ್ಲಿಯವರೆಗೆ ಆಡುತ್ತಿದ್ದ ಕೈಕಾಲು ನಿಂತುಹೋಗುತ್ತವೆ. ಕೆನಡಾದ ವೈದ್ಯರು ಸುಮಾರು 8,900 ಗಾಯಾಳುಗಳನ್ನು ಪರೀಕ್ಷಿಸಿ 2001ರಲ್ಲಿ ಒಂದು ನಿಯಮ ರೂಪಿಸಿದರು. ಅದರ ಪ್ರಕಾರ ಮೂರು ಅಡಿ ಎತ್ತರದಿಂದ ಅಥವಾ ಐದು ಮೆಟ್ಟಿಲಿನಿಂದ ಬಿದ್ದರೂ, 65 ತುಂಬಿದವರಾದರೂ, ಕೈಕಾಲು ಜುಮ್ಮೆಂದರೂ ಕುತ್ತಿಗೆಯ ಚಿತ್ರ ತೆಗೆಯಲೇಬೇಕು. ಮೂರು ಅಡಿ ಎಂದರೆ ಮೆಣಸಿನ ಏಣಿಯ ಕೆಳಗಿನ ಮೂರ್ನಾಲ್ಕು ಮೆಟ್ಟಿಲು.

ಇದರ ಬೆನ್ನಿಗೇ ಇನ್ನೊಂದು ನಂಬಿಕೆ: “ಎಕ್ಸ್‌ರೇ ನಾರ್ಮಲ್ ಬಂದಿದೆ, ಭಯ ಇಲ್ಲ.” ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಭುಜ ಅಡ್ಡ ಬಂದು ಕುತ್ತಿಗೆಯ ಕೊನೆಯ ಮಣಿ ಮರೆಯಾಗುವುದು ಸಾಮಾನ್ಯ. ಗದ್ದೆ, ಮರ ಎಂದು ದುಡಿದು ಭುಜ ದಪ್ಪವಾದವರಲ್ಲಿ ಇನ್ನೂ ಹೆಚ್ಚು. ದೊಡ್ಡ ಪೆಟ್ಟಿಗೆ ಈಗ ಸಿಟಿ ಸ್ಕ್ಯಾನೇ ಮೊದಲ ಆಯ್ಕೆ. ಹುರಿ, ಡಿಸ್ಕ್, ಮಣಿಗಳನ್ನು ಬಿಗಿಹಿಡಿದ ಲಿಗಮೆಂಟುಗಳನ್ನು ನೋಡಲು ಎಂಆರ್‌ಐ ಬೇಕು. ವಯಸ್ಸಾದವರ ಕಥೆ ಬೇರೆಯದೇ. ಸವೆದ ಮೂಳೆಗಳ ನಡುವೆ ಹುರಿಗೆ ಮೊದಲೇ ಜಾಗ ಕಡಿಮೆ. ಅಂಗಳದ ಪಾಚಿಯಲ್ಲಿ ಜಾರಿ ಗದ್ದ ಮೇಲೆದ್ದು ಕತ್ತು ಹಿಂದಕ್ಕೆ ಬಾಗಿದರೆ ಸಾಕು, ಒಂದು ಮೂಳೆಯೂ ಮುರಿಯದೆ ಹುರಿಯ ನಡುಭಾಗ ಜಜ್ಜಿಹೋಗಬಹುದು. ಆಗ ಕಾಲಿಗಿಂತ ಕೈ ಹೆಚ್ಚು ಸೋಲುತ್ತದೆ. ಅಜ್ಜ ನಡೆಯುತ್ತಾರೆ, ಆದರೆ ಕಾಫಿ ಲೋಟ ಹಿಡಿಯಲಾರರು. ಮನೆಯವರು ಸ್ಟ್ರೋಕ್ ಎಂದುಕೊಂಡು ಕತ್ತಿನ ವಿಷಯ ಮರೆಯುತ್ತಾರೆ.

ಹಾಗಾದರೆ ಗ್ರೇಡು ಹೇಗೆ ನಿರ್ಧಾರವಾಗುತ್ತದೆ? ನೋವಿನಿಂದಲ್ಲ, ಊತದಿಂದಲ್ಲ, ಸ್ಕ್ಯಾನ್ ನೋಡಿಯೂ ಅಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಫ್ರಾಂಕೆಲ್ ಮತ್ತು ಸಂಗಡಿಗರು 1969ರಲ್ಲಿ ‘ಎ’ಯಿಂದ ‘ಇ’ವರೆಗಿನ ಐದು ದರ್ಜೆಗಳನ್ನು ಪ್ರಕಟಿಸಿದರು. ಅಮೆರಿಕದ ಬೆನ್ನುಹುರಿ ಗಾಯ ಸಂಘ 1992ರಲ್ಲಿ ಅದನ್ನು ಪರಿಷ್ಕರಿಸಿತು. ಆ ಎಐಎಸ್ ಅಳತೆಗೆ ಬೇಕಾದ ಸಲಕರಣೆ ಒಂದು ಎಳೆ ಹತ್ತಿ, ಒಂದು ಪಿನ್ನು, ವೈದ್ಯರ ಕೈ, ಒಂದಿಷ್ಟು ಸಹನೆ. ತಲೆಯ ಹಿಂಭಾಗದಿಂದ ಗುದದ್ವಾರದವರೆಗೆ ಎಡಕ್ಕೆ 28, ಬಲಕ್ಕೆ 28 ಜಾಗಗಳಲ್ಲಿ ಸ್ಪರ್ಶ ತಿಳಿಯುತ್ತದೆಯೇ, ಚುಚ್ಚಿದ್ದು ತಿಳಿಯುತ್ತದೆಯೇ ಎಂದು ನೋಡುತ್ತಾರೆ. ಪ್ರತಿ ಪಕ್ಕದಲ್ಲೂ ಕೈಯ ಐದು, ಕಾಲಿನ ಐದು ಸ್ನಾಯು ಗುಂಪುಗಳ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ತೂಕ ಹೇರದಿದ್ದಾಗ ಅಂಗವನ್ನು ತಾನೇ ಮೇಲಕ್ಕೆತ್ತಬಲ್ಲ ಬಲಕ್ಕೆ 3.

ಕೊನೆಯ ಪರೀಕ್ಷೆಗೆ ಮನೆಯವರು ಮುಜುಗರಪಡುತ್ತಾರೆ. ಕತ್ತಿಗೆ ಪೆಟ್ಟಾದರೆ ಗುದದ್ವಾರ ಏಕೆ ಮುಟ್ಟಿ ನೋಡಬೇಕು ಎಂದು ರೇಗುವವರೂ ಇದ್ದಾರೆ. ‘ಎ’ಯೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ಹುರಿಯ ತುತ್ತತುದಿಯ ನರಗಳು ಆ ಜಾಗಕ್ಕೆ ಹೋಗುತ್ತವೆ. ಅಲ್ಲಿ ಸ್ವಲ್ಪವಾದರೂ ಸ್ಪರ್ಶವಿದ್ದರೆ, ಬೇಕೆಂದಾಗ ಬಿಗಿಹಿಡಿಯಲು ಆದರೆ, ಮೇಲಿನಿಂದ ಕೆಳಗಿನವರೆಗೆ ಒಂದೆರಡು ಎಳೆಯಾದರೂ ಉಳಿದಿವೆ ಎಂದರ್ಥ. ಎರಡೂ ಇಲ್ಲದಿದ್ದರೆ ‘ಎ’. ಸ್ಪರ್ಶ ಮಾತ್ರ ಇದ್ದು ಚಲನೆ ಇಲ್ಲದಿದ್ದರೆ ‘ಬಿ’. ಚಲನೆಯಿದ್ದು, ಪೆಟ್ಟಿನ ಮಟ್ಟಕ್ಕಿಂತ ಕೆಳಗಿನ ಮುಖ್ಯ ಸ್ನಾಯುಗಳಲ್ಲಿ ಅರ್ಧಕ್ಕಿಂತ ಕಡಿಮೆಯವು 3 ಮುಟ್ಟಿದರೆ ‘ಸಿ’. ಅರ್ಧ ಅಥವಾ ಹೆಚ್ಚು ಮುಟ್ಟಿದರೆ ‘ಡಿ’. ಹಿಂದೆ ಸೋತದ್ದೆಲ್ಲ ಮರಳಿ ಬಂದವರಿಗೆ ‘ಇ’.

ಮೂಳೆಯ ಅಳತೆ ಬೇರೆ. 2007ರ ಎಸ್‌ಎಲ್‌ಐಸಿ ಪದ್ಧತಿಯಲ್ಲಿ ಮೂಳೆಯ ಆಕಾರ, ಲಿಗಮೆಂಟಿನ ಸ್ಥಿತಿ, ನರಗಳ ಸ್ಥಿತಿ ಮೂರಕ್ಕೂ ಅಂಕವುಂಟು. ಮೊತ್ತ 3 ಅಥವಾ ಕಡಿಮೆಯಾದರೆ ಶಸ್ತ್ರಚಿಕಿತ್ಸೆ ಬೇಡ, 5 ಅಥವಾ ಹೆಚ್ಚಾದರೆ ಬೇಕು, 4 ವೈದ್ಯರ ವಿವೇಚನೆಗೆ. ವಿಚಿತ್ರವೆಂದರೆ, ಹುರಿ ಪೂರ್ಣ ಸೋತವನಿಗೆ ಇಲ್ಲಿ 2 ಅಂಕ, ಅರೆಬರೆ ಸೋತವನಿಗೆ 3. ಅರೆಬರೆ ಸೋತವನಲ್ಲಿ ಉಳಿಸಿಕೊಳ್ಳಲು ಇರುವುದು ಹೆಚ್ಚು, ಅದಕ್ಕೇ ಅವಸರವೂ ಹೆಚ್ಚು. ಶಸ್ತ್ರಚಿಕಿತ್ಸೆ ಕಡಿದ ಹುರಿಯನ್ನು ಕೂಡಿಸುವುದಿಲ್ಲ. ಒತ್ತಡ ತೆಗೆದು, ಮೂಳೆ ಅಲುಗದಂತೆ ನಿಲ್ಲಿಸುತ್ತದೆ ಅಷ್ಟೆ.

ತೋಟದಲ್ಲಿ ಮೊದಲ ಅರ್ಧ ಗಂಟೆ ನಡೆಯುವುದನ್ನು ನೋಡಿದರೆ ಈ ಅಂಕಗಳೆಲ್ಲ ಆಸ್ಪತ್ರೆ ಮುಟ್ಟುವ ಮೊದಲೇ ಬದಲಾಗುವ ಭಯ. ಒಬ್ಬ ಕಂಕುಳಿಗೆ, ಒಬ್ಬ ಕಾಲಿಗೆ ಕೈ ಹಾಕಿ ಎತ್ತುತ್ತಾರೆ, ಕೂರಿಸಿ ನೀರು ಕುಡಿಸುತ್ತಾರೆ, ಪಿಕಪ್‌ನ ಹಿಂದೆ ಮಡಚಿ ಮಲಗಿಸುತ್ತಾರೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ., ಅದಕ್ಕೂ ಮೊದಲು ತೋಟದ ಕಲ್ಲುದಾರಿ. ಉಸಿರಾಡುತ್ತಿದ್ದಾನೆಯೇ ಎಂದು ನೋಡಿ, ತಲೆಯನ್ನು ಎರಡೂ ಕೈಯಿಂದ ಇದ್ದಂತೆಯೇ ಹಿಡಿದು, 108ಕ್ಕೆ ಕಾಯುವುದೇ ಸರಿ. ವಾಂತಿ ಬಂದರೆ ತಲೆ, ಭುಜ, ಸೊಂಟ ಒಟ್ಟಿಗೇ ಹೊರಳುವಂತೆ ಮೂರ್ನಾಲ್ಕು ಜನ ಸೇರಿ ಮಗ್ಗುಲಾಗಿಸಬೇಕು. ಹತ್ತಿರದಲ್ಲೇ ಆನೆ ನಿಂತಿದ್ದರೆ ಅಲುಗಿಸಬಾರದೆಂಬ ನಿಯಮ ಯಾರೂ ಪಾಲಿಸಲಾರರು, ಪಾಲಿಸಬೇಕಾಗಿಯೂ ಇಲ್ಲ. ಆಗಲೂ ಭುಜದ ಬಟ್ಟೆ ಹಿಡಿದು, ಮುಂದೋಳುಗಳ ನಡುವೆ ತಲೆ ಸೇರಿಸಿಕೊಂಡು, ದೇಹ ನೇರವಾಗಿರುವಂತೆ ಎಳೆಯುವುದು ಎತ್ತಿ ಹೆಗಲಿಗೆ ಹಾಕಿಕೊಳ್ಳುವುದಕ್ಕಿಂತ ವಾಸಿ.

ಉಳುಕು ತೆಗೆಯುವವರ ಬಳಿ ಹೋಗುವುದು ಇನ್ನೊಂದು ರೂಢಿ. ಪೆಟ್ಟು ಬಿದ್ದ ಕತ್ತನ್ನು ತಿರುಚಿ ನೆಟಿಗೆ ತೆಗೆಸಿದರೆ ಅಲುಗುವ ಮೂಳೆ ಜಾರಬಹುದು, ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿಯಲೂಬಹುದು. ಹಾಗೆಂದು ಪ್ರತಿ ಕತ್ತುನೋವಿಗೂ ತಿಂಗಳುಗಟ್ಟಲೆ ಬೆಲ್ಟ್ ಕಟ್ಟುವುದೂ ತಪ್ಪೇ. ಜೀಪು ಹಿಂದಿನಿಂದ ಗುದ್ದಿ ಕತ್ತು ಉಳುಕಿದ್ದು, ಮೂಳೆ, ನರ ಸರಿಯಿವೆ ಎಂದು ವೈದ್ಯರು ನೋಡಿ ಹೇಳಿದರೆ, ಬೇಗ ಕತ್ತು ಆಡಿಸತೊಡಗುವುದೇ ಮದ್ದು.

“ಎ ಅಂದ್ಮೇಲೆ ಮುಗೀತಲ್ಲ ಡಾಕ್ಟ್ರೇ?” ಈ ಪ್ರಶ್ನೆಗೆ ಮೊದಲ ದಿನ ಉತ್ತರವಿಲ್ಲ. ಪೆಟ್ಟಿನ ಆಘಾತಕ್ಕೆ ಹುರಿ ಕೆಲಕಾಲ ಪೂರ್ತಿ ಮೌನವಾಗಿರುತ್ತದೆ. 72 ಗಂಟೆಗಳ ಹೊತ್ತಿಗೆ ಮಾಡಿದ ಪರೀಕ್ಷೆ ಹೆಚ್ಚು ನಂಬಲರ್ಹ. ಕೆಲವರು ‘ಎ’ಯಿಂದ ‘ಬಿ’, ‘ಸಿ’ಗೆ ಏರುತ್ತಾರೆ. 1995ರಲ್ಲಿ ಕುದುರೆಯಿಂದ ಬಿದ್ದ ಹಾಲಿವುಡ್ ನಟ ಕ್ರಿಸ್ಟೋಫರ್ ರೀವ್ ‘ಎ’ಯಿಂದ ‘ಸಿ’ಗೆ ಬಂದದ್ದು 2002ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಆದರೂ ಅವರು ನಡೆಯಲಿಲ್ಲ. ವಾರಗಳ ನಂತರ ಕಾಲು ತಾನಾಗಿ ಅದುರಿದ್ದನ್ನು ಕಂಡು ಹಿಗ್ಗುವ ಮನೆಯವರಿಗೂ ಇದನ್ನು ಹೇಳಬೇಕಾಗುತ್ತದೆ: ಬೇಕೆಂದಾಗ ಆಡಿದ್ದಕ್ಕೆ ಮಾತ್ರ ಅಂಕ.

ದಿನನಿತ್ಯದ ಬದುಕಿಗೆ ಅಕ್ಷರದಷ್ಟೇ ಸಂಖ್ಯೆಯೂ ಮುಖ್ಯ. ಸಿ5 ಉಳಿದವರು ಮೊಣಕೈ ಮಡಚಬಲ್ಲರು, ಸಿ6 ಉಳಿದವರು ಮಣಿಕಟ್ಟು ಎತ್ತಬಲ್ಲರು, ಸಿ7 ಉಳಿದವರು ಮೊಣಕೈ ಚಾಚಿ, ಕೈಯೂರಿ, ಹಾಸಿಗೆಯಿಂದ ಗಾಲಿಕುರ್ಚಿಗೆ ಸರಿಯಬಲ್ಲರು. ಘಾಟಿ ಇಳಿದರೆ ಬಯಲು ಗಣಪತಿಯ ಸೌತಡ್ಕದಲ್ಲಿ ಬೆನ್ನುಹುರಿ ಗಾಯಾಳುಗಳಿಗಾಗಿಯೇ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರವಿದೆ. ಪುನಶ್ಚೇತನ ಚಿಕಿತ್ಸೆಯಲ್ಲಿ ಸಿ6 ಮಟ್ಟದವರಿಗೆ ಒಂದು ಹಿಡಿತ ಕಲಿಸುವುದುಂಟು: ಮಣಿಕಟ್ಟು ಮೇಲೆತ್ತಿದಾಗ ಸೋತ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ, ಅದರಲ್ಲಿ ಚಮಚ, ಹಲ್ಲುಜ್ಜುವ ಬ್ರಷ್ಷು ನಿಲ್ಲುತ್ತದೆ. ಇದನ್ನು ಅರಿಯದ ಮನೆಯವರು ಎಣ್ಣೆ ಹಚ್ಚಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಬೆರಳುಗಳನ್ನು ದಿನಾ ನೆಟ್ಟಗೆ ಎಳೆಯುತ್ತಾರೆ. ಆ ಹಿಡಿತ ಸಡಿಲವಾಗುವುದು ಹಾಗೆಯೇ.