ಅಟ್ಟದಿಂದಿಳಿದ ಮಾದರಿ ವಿಮಾನ

ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟ ಮಾದರಿ ವಿಮಾನವನ್ನು
ಬೆಳಗಾವಿಯಲ್ಲಿ ಮತ್ತೆ ಕೈಗೆತ್ತಿಕೊಳ್ಳುವವರು
ಮೊದಲು ಅರಿಯಬೇಕಾದದ್ದು ಏನು?

ಮೊದಲನೆಯದು ಅಳತೆ.
1:72 ಪ್ರಮಾಣವೆಂದರೆ ನಿಜ ವಿಮಾನದ 72 ಸೆಂಟಿಮೀಟರು
ಮಾದರಿಯಲ್ಲಿ ಒಂದೇ ಸೆಂಟಿಮೀಟರು ಆಗುವ ಲೆಕ್ಕ;
1961ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ
ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನದ 9 ಮೀಟರು ರೆಕ್ಕೆಹರವು
ಈ ಲೆಕ್ಕದಲ್ಲಿ 12.5 ಸೆಂಟಿಮೀಟರಿಗೆ ಇಳಿದು
ಅಂಗೈ ಮೇಲೆ ಕೂರುತ್ತದೆ.

ಎರಡನೆಯದು ಅಂಟು.
ಖಾನಾಪುರದ ಕುಂಬಾರರು ತೆಳು ಕೆಸರು ಸವರಿ
ಹಸಿ ಪಾತ್ರೆಗೆ ಹಿಡಿಯನ್ನು ಕೂಡಿಸಿದಾಗ
ಎರಡೂ ಒಂದೇ ಮಣ್ಣಾಗುವಂತೆ,
ಮಾದರಿಯ ಅಂಟು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ
ಅಂಚುಗಳನ್ನು ಕರಗಿಸಿ ಬೆಸೆಯುತ್ತದೆ.

ಮೂರನೆಯದು ಹವೆ.
ಲ್ಯಾಕರ್, ಅಂದರೆ ಬೇಗ ಆವಿಯಾಗುವ ದ್ರಾವಕದ ಬಣ್ಣ,
ಆರುವಾಗ ಮೇಲ್ಮೈಯನ್ನು ತಂಪಾಗಿಸುವುದರಿಂದ
ಮಳೆಗಾಲದ ಗಾಳಿಯ ತೇವ ಅಲ್ಲಿ ಹನಿಗಟ್ಟಿ,
ರೆಕ್ಕೆಯ ಮೇಲೆ ಬಿಳಿ ಮಬ್ಬು ಉಳಿಯುತ್ತದೆ.

ನಾಲ್ಕನೆಯದು ಚಿಹ್ನೆಗಳು.
ವರ್ಷಗಳು ಕಳೆದು ಹಳದಿಗಟ್ಟಿದ ಡೆಕಾಲ್‌ಗಳನ್ನು,
ಅಂದರೆ ನೀರಿನಲ್ಲಿ ನೆನೆಸಿ ಜಾರಿಸುವ ಚಿಹ್ನೆಗಳನ್ನು,
ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ
ಬಣ್ಣ ಬಹುಮಟ್ಟಿಗೆ ತಿಳಿಯಾಗುತ್ತದೆ.

ಮಳೆಗಾಲದ ತೇವ ಬಣ್ಣಕ್ಕೆ ಒಗ್ಗದ ಕಾರಣ, ಈ ಹವ್ಯಾಸಕ್ಕೆ ಮರಳಿ ಬಂದವರು
ಜೋಡಣೆಯನ್ನು ಮಳೆಗಾಲದಲ್ಲೇ ಮುಗಿಸಿ,
ಬಣ್ಣವನ್ನು ದಸರೆಯ ನಂತರದ ಒಣಹವೆಗೆ ಕಾಯ್ದಿರಿಸುವುದು ಒಳಿತು.