ಜೆಟ್ ಎಂಜಿನ್ನಿನ ಬಾಲಕ್ಕೆ ಬೆಂಕಿ ಬಂದಾಗ

1937ರ ಏಪ್ರಿಲ್ 12. ಇಂಗ್ಲೆಂಡಿನ ರಗ್ಬಿ ಪಟ್ಟಣದ ಕಾರ್ಖಾನೆಯೊಂದರಲ್ಲಿ ಫ್ರಾಂಕ್ ವಿಟ್ಲ್ ತಾವು ರೂಪಿಸಿದ ಜೆಟ್ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದರು. ಎಂಜಿನ್ ಹೊತ್ತಿಕೊಂಡಿತು, ವೇಗ ಏರಿತು, ಏರುತ್ತಲೇ ಹೋಯಿತು. ಇಂಧನದ ಕವಾಟ ಮುಚ್ಚಿದರೂ ನಿಲ್ಲಲಿಲ್ಲ. ಅದರ ಚೀತ್ಕಾರಕ್ಕೆ ಬೆದರಿ ಸುತ್ತ ಇದ್ದವರು ದಿಕ್ಕಾಪಾಲಾಗಿ ಓಡಿದರು. ಕಾರಣ ಆಮೇಲೆ ಗೊತ್ತಾಯಿತು: ಚಾಲೂ ಮಾಡುವ ಮೊದಲೇ ಸೋರಿದ್ದ ಇಂಧನ ದಹನಕೋಶದ ತಳದಲ್ಲಿ ಮಡುಗಟ್ಟಿತ್ತು. ಅದು ಉರಿದು ತೀರುವವರೆಗೆ ಎಂಜಿನ್ ಯಾರ ಹತೋಟಿಗೂ ಸಿಗುವಂತಿರಲಿಲ್ಲ.

ಇಂದಿನ ಎಂಜಿನ್‌ಗಳಲ್ಲಿ ಹೀಗೆ ನಿಂತ ಇಂಧನ ಬಸಿದುಹೋಗಲು ವ್ಯವಸ್ಥೆ ಇದೆ. ಆದರೂ ಒಮ್ಮೊಮ್ಮೆ ಚಾಲೂ ಆಗುವಾಗ ಹಿಂಬದಿಯ ಕೊಳವೆಯಿಂದ ಹಳದಿ ಜ್ವಾಲೆ ಹೊರಚಾಚುತ್ತದೆ. ವಿಮಾನದವರು ಇದನ್ನು ‘ಟೈಲ್‌ಪೈಪ್ ಫೈರ್’ ಅನ್ನುತ್ತಾರೆ.

ಏರ್‌ಬಸ್ ಎ320ರಲ್ಲಿರುವ ಸಿಎಫ್‌ಎಂ56 ಎಂಜಿನ್ನನ್ನೇ ನೋಡಿ. ವಿಮಾನದ ಬಾಲದಲ್ಲಿರುವ ಎಪಿಯು ಎಂಬ ಪುಟ್ಟ ಎಂಜಿನ್ ಒತ್ತಡದ ಗಾಳಿ ಕಳಿಸುತ್ತದೆ. ಆ ಗಾಳಿಯಿಂದ ಸ್ಟಾರ್ಟರ್ ತಿರುಗಿ, ದೊಡ್ಡ ಎಂಜಿನ್ನಿನ ಒಳಗಿನ ಕಂಪ್ರೆಸರನ್ನು ತಿರುಗಿಸುತ್ತದೆ. ಕಂಪ್ರೆಸರಿನ ವೇಗ ಪೂರ್ಣ ವೇಗದ ಸುಮಾರು ಶೇ. 16 ಮುಟ್ಟಿದಾಗ ಇಗ್ನೈಟರ್ ಕಿಡಿ ಹಾರಿಸಲು ಶುರುಮಾಡುತ್ತದೆ. ಶೇ. 22ರ ಸುಮಾರಿಗೆ ಇಂಧನ ಒಳಬರುತ್ತದೆ. ಶೇ. 50ಕ್ಕೆ ಸ್ಟಾರ್ಟರ್ ಕೈಬಿಡುತ್ತದೆ, ಎಂಜಿನ್ ತನ್ನ ಬಲದಲ್ಲೇ ಓಡುತ್ತದೆ.

ನಾಜೂಕಾದ ಹೊತ್ತು ಈ 22 ಮತ್ತು 50ರ ನಡುವಿನದು. ಓಡುವ ಎಂಜಿನ್ನಿನಲ್ಲಿ ಗಾಳಿ ಧಾರಾಳ, ಇಂಧನ ಮಂಜಿನಂತೆ ಸಿಂಪಡಣೆಯಾಗುತ್ತದೆ, ಜ್ವಾಲೆ ದಹನಕೋಶದೊಳಗೇ ಮುಗಿಯುತ್ತದೆ. ಚಾಲೂ ಆಗುವಾಗ ಗಾಳಿ ಕಮ್ಮಿ, ಒಳಭಾಗ ತಣ್ಣಗೆ, ಸಿಂಪಡಣೆಯ ಹನಿಗಳು ದಪ್ಪ. ಸರಿಯಾಗಿ ಕಾಯಿಸದೆ ಪಂಪ್ ಸ್ಟವ್ ಹಚ್ಚಿದರೆ ಸೀಮೆಎಣ್ಣೆ ಆವಿಯಾಗದೆ ಹಳದಿ ಉರಿ ಭುಗಿಲೇಳುವಂತೆಯೇ ಇದು. ಕಿಡಿ ತಡವಾಗಿ ಹತ್ತಿದರೆ, ಹಿಂದಿನ ಸಲ ವಿಫಲವಾದ ಪ್ರಯತ್ನದ ಇಂಧನ ಉಳಿದಿದ್ದರೆ, ನಾಜಲ್ ಸೋರುತ್ತಿದ್ದರೆ, ಹೆಚ್ಚುವರಿ ಇಂಧನ ಟರ್ಬೈನ್ ದಾಟಿ ಕೊಳವೆಯಲ್ಲಿ ಉರಿಯುತ್ತದೆ. ಹಿಂದಿನಿಂದ ಬೀಸುವ ಗಾಳಿಯೂ ಪರಿಸ್ಥಿತಿಯನ್ನು ಕೆಡಿಸಬಲ್ಲದು.

ಇದಕ್ಕೆ ಮದ್ದು ಗಾಳಿಯೇ. ಪೈಲಟ್ ಇಂಧನ ನಿಲ್ಲಿಸಿ, ಸ್ಟಾರ್ಟರಿನಿಂದ ಎಂಜಿನ್ನನ್ನು ಸುಮ್ಮನೆ ತಿರುಗಿಸುತ್ತಾ ಇರುತ್ತಾರೆ. ಉಳಿದ ಇಂಧನವೂ ಬೆಂಕಿಯೂ ಹಿಂದಕ್ಕೆ ಊದಿಹೋಗುತ್ತವೆ. ವಿಮಾನದಲ್ಲೇ ಇರುವ ಅಗ್ನಿಶಾಮಕ ಬಾಟಲಿ ಇಲ್ಲಿ ಉಪಯೋಗಕ್ಕೆ ಬಾರದು. ಅದು ಅನಿಲ ಬಿಡುವುದು ಎಂಜಿನ್ನಿನ ಹೊರಗವಚದೊಳಕ್ಕೆ, ಉರಿ ಇರುವುದು ಅದಕ್ಕೂ ಒಳಗೆ. ನೆಲದ ಮೇಲಿನವರು ಕೊಳವೆಯೊಳಕ್ಕೆ ರಾಸಾಯನಿಕ ಎರಚಿದರೆ ಲೋಹದ ಭಾಗಗಳು ಸವೆದು ಎಂಜಿನ್ನೇ ಹಾಳಾಗಬಹುದು. ಅದಕ್ಕೇ ಅದು ಕಟ್ಟಕಡೆಯ ಉಪಾಯ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಬೆಂಕಿಗೆ ಕಾಕ್‌ಪಿಟ್ಟಿನಲ್ಲಿ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಬೆಂಕಿ ಪತ್ತೆಹಚ್ಚುವ ಸೆನ್ಸರ್‌ಗಳಿರುವುದೂ ಅದೇ ಹೊರಗವಚದಲ್ಲಿ. ರೆಕ್ಕೆಯ ಕೆಳಗಿನ ಕೊಳವೆ ಪೈಲಟ್ ಕಣ್ಣಿಗೆ ಬೀಳುವುದೂ ಇಲ್ಲ. ಸುದ್ದಿ ಮುಟ್ಟುವುದು ನೆಲದ ಸಿಬ್ಬಂದಿಯಿಂದ, ಕಂಟ್ರೋಲ್ ಟವರಿನಿಂದ, ಇಲ್ಲವೇ ಕಿಟಕಿ ಪಕ್ಕ ಕೂತವರಿಂದ. ಉರಿ ಕಂಡ ಪ್ರಯಾಣಿಕರು ಗಾಬರಿಯಾಗಿ ತಾವೇ ಬಾಗಿಲು ತೆರೆದು ಧುಮುಕಿ ಗಾಯಗೊಂಡದ್ದಿದೆ; ಬೆಂಕಿ ಮಾತ್ರ ಅವರನ್ನು ಮುಟ್ಟಿರಲೇ ಇಲ್ಲ.

ಆದ್ದರಿಂದ ಎಂಜಿನ್ನಿನ ಹಿಂದೆ ಉರಿ ಕಂಡರೆ ಬಾಗಿಲಿಗೆ ಕೈಹಾಕಬೇಡಿ. ತಕ್ಷಣ ಗಗನಸಖಿಯನ್ನು ಕರೆದು, ಯಾವ ಬದಿಯಲ್ಲಿ, ಎಲ್ಲಿಂದ ಉರಿ ಬರುತ್ತಿದೆ ಎಂದು ಹೇಳಿ. ಇಳಿಯಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಿ.