ಎಷ್ಟು ಬಿಗಿದರೆ ಸಾಕು? ಟಾರ್ಕ್ ರೆಂಚ್ ಕೊಳ್ಳುವ ಮೊದಲು

ಕೊಳೆರೋಗಕ್ಕೆ ಮದ್ದು ಬಿಡುವ ಸಮಯ. ಎರಡು ದಿನ ಮಳೆ ಬಿಟ್ಟಿತ್ತು, ಮದ್ದು ಬಿಡುವವರೂ ಸಿಕ್ಕಿದ್ದರು. ಪಂಪಿನ ಪೆಟ್ರೋಲ್ ಎಂಜಿನಿನ ಹೆಡ್ಡಿನ ಸಂದಿನಲ್ಲಿ ಗಾಳಿ ಸೋರುತ್ತಿತ್ತೆಂದು ಹಿಂದಿನ ರಾತ್ರಿ ನಾನೇ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದೆ. ಬೋಲ್ಟು ಬಿಗಿಯುವಾಗ 'ಇನ್ನೂ ಸ್ವಲ್ಪ ಇರಲಿ' ಅಂತ ಸ್ಪಾನರಿಗೆ ಪೈಪಿನ ತುಂಡು ತೂರಿಸಿ ಎಳೆದೆ. ಮೂರನೇ ಬೋಲ್ಟು ಇದ್ದಕ್ಕಿದ್ದಂತೆ ಸಡಿಲವಾಗಿ ಸುಮ್ಮನೆ ತಿರುಗತೊಡಗಿತು. ಅಲ್ಯೂಮಿನಿಯಂ ಬ್ಲಾಕಿನ ಒಳಗಿನ ತ್ರೆಡ್ ಪೂರ್ತಿ ಕಿತ್ತು ಬಂದಿತ್ತು. ಲೇತ್ ಶಾಪಿನಲ್ಲಿ ತೂತಿಗೆ ಬುಶ್ ಕೂರಿಸಿ ತರುವಾಗ ನಾಲ್ಕು ದಿನ ಕಳೆಯಿತು, ಮಳೆ ಪುನಃ ಹಿಡಿಯಿತು. ಆ ವರ್ಷ ತೋಟದ ಕೆಳಗಿನ ತುಂಡಿನಲ್ಲಿ ಹೆಕ್ಕಿದ ಕೊಳೆ ಅಡಿಕೆಗೆ ಲೆಕ್ಕವಿಲ್ಲ.

ತಪ್ಪು ಎಂಜಿನಿನದ್ದಲ್ಲ, ನನ್ನ ಕೈಯದ್ದು. ಸಣ್ಣಪುಟ್ಟ ರಿಪೇರಿಯನ್ನು ನಾವೇ ಮಾಡಿಕೊಳ್ಳದೆ ಈಗ ನಿರ್ವಾಹವಿಲ್ಲ. ಪಂಪು, ಕಳೆ ಕೊಚ್ಚುವ ಯಂತ್ರ, ಟಿಲ್ಲರ್ ಎಲ್ಲದಕ್ಕೂ ಮೆಕ್ಯಾನಿಕ್ಕನ್ನು ಕಾದು ಕೂತರೆ ಕೆಲಸ ಮುಗಿದ ಹಾಗೆಯೇ. ಆದರೆ ಸ್ಪಾನರ್ ಸೆಟ್ಟಿಗೆ ದುಡ್ಡು ಹಾಕುವ ನಾವು, ಬಿಗಿ ಎಷ್ಟೆಂದು ಅಳೆಯುವ ಸಾಧನದ ಸುದ್ದಿಗೇ ಹೋಗುವುದಿಲ್ಲ.

ಏನಿದು ಟಾರ್ಕ್?

ತಿರುಗಿಸುವ ಬಲ, ಅಷ್ಟೇ. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಒಂದು ಕೆಜಿ ತೂಗಹಾಕಿದರೆ ಬೋಲ್ಟಿನ ಮೇಲೆ ಬೀಳುವುದು ಒಂದು ಕೆಜಿ-ಮೀಟರ್. ಈಗಿನ ಪುಸ್ತಕಗಳಲ್ಲಿ ಬರೆಯುವುದು ನ್ಯೂಟನ್ ಮೀಟರ್ ಲೆಕ್ಕ. ಒಂದು ಕೆಜಿ-ಮೀಟರ್ ಎಂದರೆ 9.81 ನ್ಯೂಟನ್ ಮೀಟರ್. ನಮ್ಮ ಕೆಲಸಕ್ಕೆ ಹತ್ತು ಅಂತ ಹಿಡಿದರೂ ನಡೆಯುತ್ತದೆ. ಫುಟ್-ಪೌಂಡ್ ಎಂಬ ಇನ್ನೊಂದು ಲೆಕ್ಕವೂ ಉಂಟು, 1 ಫುಟ್-ಪೌಂಡಿಗೆ 1.36 ನ್ಯೂಟನ್ ಮೀಟರ್. ರೆಂಚಿನ ಮೇಲೆ ಎರಡೂ ಲೆಕ್ಕದ ಗೆರೆಗಳಿರುವುದರಿಂದ ಅವಸರದಲ್ಲಿ ಅದನ್ನು ಇದೆಂದು ಓದಿದರೆ ಮೂರನೇ ಒಂದು ಪಾಲಿಗಿಂತಲೂ ಜಾಸ್ತಿ ಬಿಗಿದಂತಾಗುತ್ತದೆ. ಜಾಗ್ರತೆ.

ಬೋಲ್ಟು ಒಂದು ಗಟ್ಟಿ ಸ್ಪ್ರಿಂಗಿನ ಹಾಗೆ. ಬಿಗಿದಾಗ ಕೂದಲೆಳೆಯಷ್ಟು ಉದ್ದವಾಗಿ, ಹಿಂದಕ್ಕೆ ಎಳೆಯುತ್ತಾ ಹೆಡ್ಡನ್ನು ಒತ್ತಿ ಹಿಡಿಯುತ್ತದೆ. ಕಡಿಮೆ ಬಿಗಿದರೆ ಯಂತ್ರದ ನಡುಕಕ್ಕೆ ಸಡಿಲವಾಗುತ್ತದೆ. ಮಿತಿ ಮೀರಿದರೆ ಎಳೆದ ಬೋಲ್ಟು ಹಿಂದೆ ಬರುವುದೇ ಇಲ್ಲ. ಮತ್ತೆ ತುಂಡಾಗುವುದು ಅಥವಾ ತ್ರೆಡ್ ಕೀಳುವುದೇ ಬಾಕಿ. ಇನ್ನೊಂದು ವಿಚಾರ: ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ತಿಕ್ಕಾಟಕ್ಕೇ ಹೋಗುತ್ತದೆ. ಹಾಗಾಗಿ ತ್ರೆಡ್ಡಿಗೆ ಎಣ್ಣೆ ಹಾಕಿದರೆ ಅದೇ ಟಾರ್ಕಿಗೆ ಬೋಲ್ಟು ಬಹಳ ಹೆಚ್ಚು ಎಳೆಯಲ್ಪಡುತ್ತದೆ. ಎಣ್ಣೆ ಹಾಕಲು ಪುಸ್ತಕದಲ್ಲಿ ಹೇಳಿದ್ದರೆ ಮಾತ್ರ ಹಾಕಿ. ತುಕ್ಕು, ಮಣ್ಣು ಇದ್ದರೆ ಉಲ್ಟಾ ತೊಂದರೆ: ಮುಳ್ಳು ಅಂಕೆ ಮುಟ್ಟಿರುತ್ತದೆ, ಬೋಲ್ಟು ಬಿಗಿದಿರುವುದಿಲ್ಲ. ತ್ರೆಡ್ಡನ್ನು ಬ್ರಶ್ಶಿನಿಂದ ಉಜ್ಜುವುದು ಮೊದಲ ಕೆಲಸ.

ದೊಡ್ಡದು ಬೇಡ

ಅಂಗಡಿಯಲ್ಲಿ ಟಾರ್ಕ್ ರೆಂಚ್ ಕೇಳಿದರೆ ಸಾಮಾನ್ಯವಾಗಿ ಎದುರಿಗಿಡುವುದು ಅರ್ಧ ಇಂಚಿನ ಚೌಕದ, 28ರಿಂದ 210 ನ್ಯೂಟನ್ ಮೀಟರಿನ ದೊಡ್ಡ ರೆಂಚು. ಕಾರಿನ ಚಕ್ರಕ್ಕೆ ಅದು ಸರಿ. ನಮಗೆ? ನೀರಿನ ಪಂಪುಗಳಲ್ಲಿ ಬಳಕೆಯಲ್ಲಿರುವ ಹೋಂಡಾ ಜಿಎಕ್ಸ್ 160 ಎಂಜಿನಿನ ಲೆಕ್ಕ ನೋಡಿ: ಹೆಡ್ ಬೋಲ್ಟಿಗೆ 24, ಕನೆಕ್ಟಿಂಗ್ ರಾಡಿನ ಬೋಲ್ಟಿಗೆ 12, ಸ್ಪಾರ್ಕ್ ಪ್ಲಗ್ಗಿಗೆ 18, ಫ್ಲೈವೀಲಿನ ನಟ್ಟಿಗೆ 75 ನ್ಯೂಟನ್ ಮೀಟರ್. ನಾಲ್ಕರಲ್ಲಿ ಮೂರು ಆ ದೊಡ್ಡ ರೆಂಚಿನ ಪಟ್ಟಿಯಲ್ಲೇ ಇಲ್ಲ!

ಅಲ್ಲದೆ ಯಾವ ರೆಂಚೂ ತನ್ನ ಗರಿಷ್ಠ ಅಂಕೆಯ ಶೇ. 20ಕ್ಕಿಂತ ಕೆಳಗೆ ನಂಬಲು ಯೋಗ್ಯವಲ್ಲ. ಮನೆಗೆ ಒಂದೇ ಕೊಳ್ಳುವುದಾದರೆ ಮುಕ್ಕಾಲು ಅರ್ಧ ಇಂಚು, ಅಂದರೆ ಮೂರೆಂಟಂಶ ಇಂಚಿನ ಚೌಕದ, 10ರಿಂದ 60ರವರೆಗಿನದ್ದು ಸಾಕು. 60ರ ಶೇ. 20 ಎಂದರೆ 12, ಸಣ್ಣ ಬೋಲ್ಟಿಗೂ ಸರಿಹೋಯಿತು. ಫ್ಲೈವೀಲ್ ಬಿಚ್ಚುವ ಸಂದರ್ಭ ಎಷ್ಟು ಸಲ ಬಂದೀತು? ಬಂದಾಗ ಗರೇಜಿನಿಂದ ಕೇಳಿ ತಂದರಾಯಿತು. ಕೊಳ್ಳಲು ಹೊರಡುವ ಮೊದಲು ನಿಮ್ಮ ಯಂತ್ರಗಳ ಪುಸ್ತಕದಿಂದ ಈ ಅಂಕೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದರ ಅಂಕೆ ಇನ್ನೊಂದಕ್ಕೆ ಆಗುವುದಿಲ್ಲ.

ಮುಳ್ಳಿನದ್ದೋ, ಟಕ್ ಅನ್ನುವುದೋ?

ಮುಳ್ಳಿನ ರೆಂಚಿನ ರಚನೆ ಸರಳ. ಹಿಡಿಯ ಉಕ್ಕಿನ ಸರಳು ಎಳೆದಾಗ ಸ್ವಲ್ಪ ಬಾಗುತ್ತದೆ, ಪಕ್ಕದ ಮುಳ್ಳು ನೆಟ್ಟಗೇ ಉಳಿದು ಪಟ್ಟಿಯಲ್ಲಿ ಅಂಕೆ ತೋರಿಸುತ್ತದೆ. ಕೆಡುವಂಥದ್ದು ಒಳಗೆ ಏನೂ ಇಲ್ಲ. ಬಿದ್ದು ಮುಳ್ಳು ಬಗ್ಗಿದರೆ ಕೈಯಲ್ಲೇ ಸೊನ್ನೆಗೆ ತಂದರಾಯಿತು. ಕ್ರಯವೂ ಕಡಿಮೆ. ಎರಡೂ ಕಡೆಗೆ ಅಳೆಯುತ್ತದೆ. ಕಳೆ ಕೊಚ್ಚುವ ಯಂತ್ರಗಳ ಬ್ಲೇಡಿನ ನಟ್ಟು ಹೆಚ್ಚಾಗಿ ಎಡ ತ್ರೆಡ್ಡಿನದ್ದಾದ್ದರಿಂದ ಇದು ಉಪಕಾರ. ತೊಂದರೆ ಏನೆಂದರೆ ಮುಳ್ಳನ್ನು ನೇರ ಮೇಲಿನಿಂದಲೇ ನೋಡಬೇಕು. ಓರೆಯಾಗಿ ನೋಡಿದರೆ ಅಂಕೆ ತಪ್ಪುತ್ತದೆ, ಇಕ್ಕಟ್ಟಿನಲ್ಲಿ ಕಾಣುವುದೇ ಇಲ್ಲ.

ಟಕ್ ಎನ್ನುವ ಮಾದರಿಯಲ್ಲಿ ಹಿಡಿ ತಿರುಗಿಸಿ ಅಂಕೆ ಕೂರಿಸಿದರೆ, ಅಷ್ಟು ಬಿಗಿಯಾದಾಗ ಒಳಗಿನ ಸ್ಪ್ರಿಂಗು ಸದ್ದಿನೊಂದಿಗೆ ಕೈಗೆ ತಿಳಿಸುತ್ತದೆ. ಕತ್ತಲಲ್ಲೂ ಕೆಲಸವಾಗುತ್ತದೆ. ಆದರೆ ಸದ್ದು ಕೇಳಿದ ಮೇಲೂ ಎಳೆದರೆ ಅದು ತಡೆಯುವುದಿಲ್ಲ, ಬೋಲ್ಟು ಬಿಗಿಯುತ್ತಲೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕನಿಷ್ಠ ಅಂಕೆಗೆ ಇಳಿಸಿಡಬೇಕು, ಇಲ್ಲದಿದ್ದರೆ ಸ್ಪ್ರಿಂಗು ಸೋಲುತ್ತದೆ. ಕೆಲವು ಬಲಕ್ಕೆ ಮಾತ್ರ ಅಳೆಯುತ್ತವೆ, ಕೇಳಿಕೊಳ್ಳಿ. ಬ್ಯಾಟರಿ ಹಾಕಿ ಅಂಕೆ ತೋರಿಸುವವೂ ಬಂದಿವೆ. ನಮ್ಮ ಮಳೆಗಾಲದ ತಂಡಿಗೆ ಅವು ಎಷ್ಟು ಬಾಳುತ್ತವೋ ಎಂಬ ಸಂಶಯ ನನ್ನದು.

ಐಎಸ್‌ಒ 6789 ಎಂಬ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ 10 ನ್ಯೂಟನ್ ಮೀಟರಿಗಿಂತ ಮೇಲಿನ ಟಕ್ ಮಾದರಿಯಲ್ಲಿ ಶೇ. 4, ಮುಳ್ಳಿನದ್ದರಲ್ಲಿ ಶೇ. 6ರಷ್ಟು ಹೆಚ್ಚುಕಡಿಮೆ ಇರಬಹುದು. 24ರಲ್ಲಿ ಶೇ. 6 ಎಂದರೆ ಬರೇ ಒಂದೂವರೆ. ಪೈಪು ತೂರಿಸಿ ಎಳೆದ ನನ್ನ ಅಂದಾಜಿನ ಎದುರು ಇದು ಯಾವ ಲೆಕ್ಕ? ಹಾಗಾಗಿ ನನ್ನ ಮತ ಮುಳ್ಳಿನದ್ದಕ್ಕೆ. ಟಕ್ ಮಾದರಿಯೇ ಬೇಕೆಂದಿದ್ದರೆ, ಆ ರೆಂಚಿನದ್ದೇ ನಂಬರ್ ಬರೆದ ಪರೀಕ್ಷೆಯ ಚೀಟಿ ಇರುವುದನ್ನು ಕೊಳ್ಳಿ.

ತೂಕದ ಕಲ್ಲಿನ ಪರೀಕ್ಷೆ

ಕಡಿಮೆ ಕ್ರಯದ್ದು ಸರಿಯಿದೆಯೋ ಅಂತ ಮನೆಯಲ್ಲೇ ನೋಡಬಹುದು. ಅಡಿಕೆ ತೂಗುತ್ತಿದ್ದ, ಸರಕಾರಿ ಮುದ್ರೆ ಇರುವ ಕಬ್ಬಿಣದ ಕಲ್ಲು ಅಟ್ಟದಲ್ಲಿ ಇರಬಹುದಲ್ಲ? ರೆಂಚಿನ ಚೌಕವನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಹಿಡಿ ಅಡ್ಡಕ್ಕೆ ಮಟ್ಟವಾಗಿರಲಿ. ಭಾರ ಎಳೆಯುವ ದಿಕ್ಕು ಬಿಗಿಯುವ ದಿಕ್ಕೇ ಆಗಬೇಕು. ಚೌಕದ ನಡುವಿನಿಂದ ಹಿಡಿಯ ನಡುವಿಗೆ ಅಳೆಯಿರಿ. 35 ಸೆಂ.ಮೀ. ಬಂತು ಅನ್ನಿ. ಅಲ್ಲಿಗೆ 10 ಕೆಜಿ ಕಟ್ಟಿದರೆ 3.5 ಕೆಜಿ-ಮೀಟರ್.

ರೆಂಚಿನ ಸ್ವಂತ ಭಾರವನ್ನು ಮರೆಯಬಾರದು. ಬೆರಳಿನ ಮೇಲಿಟ್ಟು ಅದು ಸಮತೂಕಕ್ಕೆ ನಿಲ್ಲುವ ಜಾಗ ಹುಡುಕಿ. ರೆಂಚು ಒಂದು ಕೆಜಿ ಇದ್ದು, ಆ ಜಾಗ ಚೌಕದಿಂದ 18 ಸೆಂ.ಮೀ. ದೂರ ಇದ್ದರೆ 0.18 ಸೇರಿಸಿ. ಒಟ್ಟು 3.68, ಅದನ್ನು 9.81ರಿಂದ ಗುಣಿಸಿದರೆ 36 ನ್ಯೂಟನ್ ಮೀಟರ್. ಮುಳ್ಳು 36ರ ಹತ್ತಿರ ನಿಲ್ಲಬೇಕು. ಟಕ್ ಮಾದರಿಯದ್ದಾದರೆ 30ಕ್ಕೆ ಇಟ್ಟು ಶುರುಮಾಡಿ, ಒಂದೊಂದೇ ಏರಿಸುತ್ತಾ ಪ್ರತಿ ಸಲ ಕಲ್ಲನ್ನು ನಿಧಾನ ಇಳಿಬಿಡಿ. ಸದ್ದು ನಿಲ್ಲುವುದು 36ರ ಆಸುಪಾಸಿನಲ್ಲಾಗಬೇಕು. ಎರಡು ಅಂಕೆ ತಪ್ಪಿದರೂ ಪರವಾಗಿಲ್ಲ, ಆ ತಪ್ಪನ್ನು ಹಿಡಿಗೆ ಚೀಟಿ ಅಂಟಿಸಿ ಬರೆದಿಡಿ. ಪ್ರತಿ ಸಲವೂ ಬೇರೆ ಬೇರೆ ಅಂಕೆ ಬಂದರೆ ಮಾತ್ರ ವಾಪಸು ಕೊಡಿ.

ಇದಕ್ಕೂ ದುಡ್ಡಿಲ್ಲವೇ? ರಿಂಗ್ ಸ್ಪಾನರಿನಲ್ಲಿ ಬೋಲ್ಟಿನ ನಡುವಿನಿಂದ 25 ಸೆಂ.ಮೀ. ದೂರಕ್ಕೆ ತೂಗು ತಕ್ಕಡಿಯ ಕೊಕ್ಕೆ ಹಾಕಿ, ಸ್ಪಾನರಿಗೆ ಲಂಬವಾಗಿ ಎಳೆಯಿರಿ. ತಕ್ಕಡಿ 9.8 ಕೆಜಿ ತೋರಿಸಿದಾಗ ಬೋಲ್ಟಿಗೆ 24 ನ್ಯೂಟನ್ ಮೀಟರ್ ಬಿದ್ದಿರುತ್ತದೆ. ಎರಡು ಕೈ, ಒಬ್ಬ ಸಹಾಯಕ ಬೇಕು. ಹೆಡ್ಡಿನ ನಾಲ್ಕು ಬೋಲ್ಟಿಗೆ ಇದು ಧಾರಾಳ ಸಾಕು.

ಯಾವುದರಲ್ಲಿ ಬಿಗಿದರೂ ಒಂದೇ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಏರಿಸಿ. ಎಳೆತ ನಿಧಾನವಿರಲಿ, ಕೈ ಹಿಡಿಯ ನಡುವಿಗೇ ಇರಲಿ.

ನನ್ನ ರೆಂಚನ್ನು ನೆರೆಕರೆಯ ನಾಲ್ಕು ಮನೆಯವರು ಕೊಂಡೊಯ್ಯುತ್ತಾರೆ. ಬೋಲ್ಟು ಬಿಚ್ಚಲು ಬಳಸಬಾರದು ಎಂಬುದೊಂದೇ ಷರತ್ತು. ತುಕ್ಕು ಹಿಡಿದ ಬೋಲ್ಟಿನ ಮೇಲೆ ನೇತಾಡಿದರೆ ಎಂಥ ರೆಂಚೂ ಹಾಳೇ. ಹಾಗೆ ಮಾಡಿದರೋ ಇಲ್ಲವೋ ಅಂತ ನಾನು ಕೇಳಲು ಹೋಗುವುದಿಲ್ಲ. ವಾಪಸು ಬಂದ ದಿನ ಹತ್ತು ಕೆಜಿಯ ಕಲ್ಲು ಕಟ್ಟಿ ನೋಡುತ್ತೇನೆ.